ಬಾಮೈದನ ಕಲ್ಲು

ನಮ್ಮ ಜಾಲಿಹಟ್ಟಿಯ ಬೆನ್ನಿಗೆ ಒಂದು ಬಂಡೆಗುಡ್ಡವಿದೆ. ಬಯಲುಸೀಮೆಯಲ್ಲಿ ಇಂಥ ಗುಡ್ಡಗಳಿಗೇನೂ ಬರವಿಲ್ಲ. ಆದರೆ ಇದರ ಪಡುವಣ ಮುಖ ಗೋಡೆ ಕಡಿದಿಟ್ಟಂತೆ ಮುನ್ನೂರು ಅಡಿ ನೆಟ್ಟಗೆ ನಿಂತಿದೆ. ಆ ಮುಖದ ತುಂಬ ಹೆಜ್ಜೇನಿನ ಹಳೆಯ ಕರೆಗಳು ಇಂದಿಗೂ ಕಾಣುತ್ತವೆ. ನೆತ್ತಿಯ ಅಂಚಿನಲ್ಲಿ ಆಳೆತ್ತರದ ಒಂದು ಕಲ್ಲು, ಯಾರೋ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕುಳಿತ ಹಾಗಿದೆ. ಅದರ ಸೊಂಟದ ಸುತ್ತ ಹೆಬ್ಬೆರಳು ಹೂಳುವಷ್ಟು ಆಳದ ಸವಕಲು ಗೆರೆ, ಕೊರಳಿಗೆ ಬಣ್ಣಗೆಟ್ಟ ವಸ್ತ್ರಗಳ ಸುತ್ತು. ಪ್ರವಾಸಿಗರಿಗೆಂದು ನೆಟ್ಟ ಫಲಕದಲ್ಲಿ ಯಾರೋ ಪುಣ್ಯಾತ್ಮರು ಇದನ್ನು ‘ಸನ್‌ಸೆಟ್ ಪಾಯಿಂಟ್’ ಎಂದು ಬರೆಸಿದ್ದಾರೆ. ಸೂರ್ಯ ಎಲ್ಲ ಊರಿನಲ್ಲೂ ಮುಳುಗುತ್ತಾನೆ. ಅದಕ್ಕೆ ನಮ್ಮ ಕಲ್ಲೇ ಬೇಕಿರಲಿಲ್ಲ. ಇದರ ಹೆಸರು ಬಾಮೈದನ ಕಲ್ಲು. ನಾನು ಮೂವತ್ತೊಂದು ವರ್ಷ ಕರೆಂಟು ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್. ಎತ್ತರದ ವಿಷಯದಲ್ಲಿ ಯಾರಾದರೂ ತಪ್ಪು ಬರೆದರೆ ನನಗೆ ತಡೆಯಲಾಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಹಟ್ಟಿಯವರೆಲ್ಲ ಬಂಡೆ ಇಳಿದು ಜೇನು ಕೊಯ್ಯುವವರಾಗಿದ್ದರಂತೆ. ನೆತ್ತಿಯಿಂದ ಪುಂಡಿನಾರಿನ ಹಗ್ಗ ಇಳಿಬಿಟ್ಟು, ಅದರ ತುದಿಯಲ್ಲಿ ಸೊಂಟ ಕಟ್ಟಿಕೊಂಡು, ಒಂದು ಕೈಯಲ್ಲಿ ಹೊಗೆಯೇಳುವ ಹುಲ್ಲಿನ ಸೂಡಿ, ಇನ್ನೊಂದರಲ್ಲಿ ಕುಡುಗೋಲು ಹಿಡಿದು ಇಳಿಯುವುದು. ಮೇಲೆ ಹಗ್ಗ ಹಿಡಿಯುವವನು ಇಳಿಯುವವನ ಬಾಮೈದನೇ ಆಗಬೇಕು, ಅಂದರೆ ಹೆಂಡತಿಯ ಒಡಹುಟ್ಟಿದವನು. ಒಡಹುಟ್ಟಿದವಳ ತಾಳಿ ಹಗ್ಗದ ತುದಿಯಲ್ಲಿರುವಾಗ ಯಾರೂ ಕೈ ಸಡಿಲ ಬಿಡುವುದಿಲ್ಲವೆಂಬ ಲೆಕ್ಕ. ಇಳಿಯುವವನು ಆಗಾಗ ‘ಬಾಮೈದಾ’ ಎಂದು ಕೂಗಬೇಕು, ಮೇಲಿನವನು ‘ಇದೀನಿ’ ಎನ್ನಬೇಕು. ಇಷ್ಟು ಚೆನ್ನಾಗಿಯೇ ಇತ್ತು. ಆದರೆ ನಂಬಿಕೆಯ ಬೆನ್ನಿಗೆ ಬಿಂಕವೂ ಬೆಳೆದಿತ್ತು. ಹಗ್ಗವನ್ನು ಮರಕ್ಕೋ ಕಲ್ಲಿಗೋ ಸುತ್ತಿದರೆ ಬಾಮೈದನಿಗೆ ಅವಮಾನ. ಇನ್ನೊಬ್ಬ ಬಂದು ಕೈಗೂಡಿಸಿದರೆ ಅದಕ್ಕಿಂತ ದೊಡ್ಡ ಅವಮಾನ. ಎಷ್ಟೋ ತಲೆಮಾರು ನಮ್ಮ ಹಿರಿಯರು ಎರಡು ಅಂಗೈಗಳನ್ನೇ ನೆಚ್ಚಿಕೊಂಡು ಮುನ್ನೂರು ಅಡಿ ಜೋತಾಡಿದರು. ನಮ್ಮವರೇ ಆದರೂ ಹೇಳುತ್ತೇನೆ, ಅದು ಶುದ್ಧ ಮೂರ್ಖತನ.

ಬೋಸಯ್ಯನೆಂಬವನು ಆ ಕಾಲದ ಗಟ್ಟಿಗ. ಅವನ ಹೆಂಡತಿ ತಿಪ್ಪಕ್ಕ, ಅವಳ ತಮ್ಮ ಸೂರಯ್ಯ. ಏಳು ವರ್ಷ ಸೂರಯ್ಯನೇ ಭಾವನ ಹಗ್ಗ ಹಿಡಿದಿದ್ದ. ಒಂದು ಬೇಸಗೆಯಲ್ಲಿ ಬೋಸಯ್ಯ ನಡುಬಂಡೆಯ ದೊಡ್ಡ ಜೇನುಹುಟ್ಟಿಗೆ ಕೈಯಿಟ್ಟಾಗ ಗಾಳಿ ತಿರುಗಿ, ಹೊಗೆ ಬೇರೆ ಕಡೆ ಹೋಗಿ, ಹುಳುಗಳೆಲ್ಲ ನೆತ್ತಿಗೆ ನುಗ್ಗಿದವು. ಅಲ್ಲಿದ್ದ ಇತರರು ಕಂಬಳಿ ಮುಸುಕಿಕೊಂಡು ಓಡಿದರು. ಹಗ್ಗ ಮುಟ್ಟಿದರೆ ಅವಮಾನವೆಂದು ಆ ಹೊತ್ತಿನಲ್ಲೂ ಯಾರೂ ಮುಟ್ಟಲಿಲ್ಲ. ಸೂರಯ್ಯನ ಕಣ್ಣು ಬಾತು ಮುಚ್ಚಿದವು. ಹಗ್ಗ ಅಂಗೈಯಲ್ಲಿ ಮೊದಲು ಮೊಳ ಜಾರಿತು, ಆಮೇಲೆ ಮಾರು ಜಾರಿತು, ಕೊನೆಗೆ ಹೋಗೇ ಹೋಯಿತು. ಹುಳು ಇಳಿದ ಮೇಲೆ ಜನ ಬಂದು ನೋಡಿದರೆ ಅವನು ಬರಿ ಮುಷ್ಟಿ ಬಿಗಿದು ಮುಂದೆ ಚಾಚಿಕೊಂಡು ‘ಇದೀನಿ ಭಾವಾ, ಇದೀನಿ’ ಎಂದು ಕೂಗುತ್ತಲೇ ಇದ್ದನಂತೆ. ಅದನ್ನು ಹೇಳುವಾಗ ನಮ್ಮಜ್ಜಿ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಳಿಯುವವನು ಸತ್ತರೆ ಅವನ ಕುಡುಗೋಲನ್ನು ಅವನನ್ನು ಹೂಳಿದ ಗುಣಿಯಲ್ಲೇ ಇಡಬೇಕು, ಅಲ್ಲಿಯವರೆಗೆ ಸೂತಕ ಕಳೆಯುವುದಿಲ್ಲ, ಯಾರೂ ಬಂಡೆ ಇಳಿಯುವಂತಿಲ್ಲ ಎಂಬುದು ಹಟ್ಟಿಯ ಕಟ್ಟಳೆ. ಬೋಸಯ್ಯನನ್ನು ಮಣ್ಣಿಗಿಟ್ಟರು, ಆದರೆ ಅವನ ಕುಡುಗೋಲು ನಡುಬಂಡೆಯ ಬಿರುಕಿನಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ತರಲು ಯಾರಿಗೂ ಧೈರ್ಯವಿರಲಿಲ್ಲ. ಹಟ್ಟಿಯ ಹಿರಿಯ ಕಾಟಜ್ಜ, ಬಂಡೆಯ ಸಹವಾಸ ಸಾಕು, ಇನ್ನು ಕುರಿ ಕಾಯೋಣ ಎಂದ. ಸೂರಯ್ಯ ಜೀವಭಯಕ್ಕೆ ಕೈ ಬಿಟ್ಟನೆಂದು ಗಂಡಸರು ಆಡಿಕೊಂಡರು. ಕಂಬಳಿ ಮುಸುಕಿ ಓಡಿದವರೇ ಹೆಚ್ಚು ಆಡಿಕೊಂಡರೆಂದು ಬೇರೆ ಹೇಳಬೇಕಾಗಿಲ್ಲ. ಅವನು ಒಂದು ಮಾತಿಗೂ ಎದುರಾಡಲಿಲ್ಲ. ಭಾವನ ಗುಣಿಯ ಪಕ್ಕ, ಕಂಬಳಿಯೊಳಗೆ ಕೈ ಅಡಗಿಸಿಕೊಂಡು, ಅನ್ನನೀರು ಬಿಟ್ಟು ಕುಳಿತುಬಿಟ್ಟ. ತಾನೂ ಅಲ್ಲೇ ಮುಗಿಯಬೇಕೆಂದು ನಿಶ್ಚಯಿಸಿದ್ದ.

ಐದನೆಯ ಬೆಳಿಗ್ಗೆ ತಿಪ್ಪಕ್ಕ ಎದ್ದು ಅಲ್ಲಿಗೆ ಹೋದಳು. ಗಂಡನನ್ನು ಕಳೆದುಕೊಂಡಾಗಿತ್ತು, ಒಡಹುಟ್ಟಿದವನನ್ನೂ ಆ ಗುಣಿಗೆ ಕೊಡಲು ಅವಳು ತಯಾರಿರಲಿಲ್ಲ. “ಕೈ ತೋರ್ಸೋ” ಅಂದಳು. ಅವನು ತೋರಿಸಲಿಲ್ಲ. ಅವಳೇ ಕಂಬಳಿ ಕಿತ್ತೆಸೆದು, ರಟ್ಟೆ ಹಿಡಿದು ಹಟ್ಟಿಯ ನಡುವೆ ಎಳೆದು ತಂದು, ಅವನ ಎರಡೂ ಕೈಯನ್ನು ಎಲ್ಲರ ಮುಂದೆ ಅಗಲಿಸಿದಳು. ಅಂಗೈಯಲ್ಲಿ ಚರ್ಮವೇ ಇರಲಿಲ್ಲ.

“ಬಿಟ್ಟೋನ ಅಂಗೈ ಹಿಂಗಿರ್ತದೇನ್ರೋ? ಕಣ್ಣಿದ್ರೆ ನೋಡ್ಕಳ್ರಿ” ಎಂದು ಅವಳು ಕೂಗಿದಳು. ಆಮೇಲೆ ದನಿ ಇಳಿಸಿ, “ಕುಡುಗೋಲು ನಾನ್ ತರ್ತೀನಿ. ಹಗ್ಗ ಇವ್ನೇ ಹಿಡೀತಾನೆ” ಎಂದಳು.

ಕಾಟಜ್ಜ ತಡೆದ. ಹೆಂಗಸರು ಬಂಡೆ ಇಳಿದದ್ದಿಲ್ಲ ಎಂದ. ಅವಳು ಅದಕ್ಕೆ ಕಿವಿಗೊಡದೆ ಗಂಡನ ರುಮಾಲನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ಹಟ್ಟಿಗೆ ಹಟ್ಟಿಯೇ ಹಿಂದೆ ನಡೆಯಿತು. ನೆತ್ತಿಯಲ್ಲಿ ಸೂರಯ್ಯ ಅಳುತ್ತ, “ನನ್ ಕೈ ನಿಲ್ಲಲ್ಲ ಕಣಕ್ಕ” ಎಂದ. ತಿಪ್ಪಕ್ಕ ಅಂಚಿನ ಕಲ್ಲಿನ ಕಡೆ ನೋಡಿ, ಹಗ್ಗವನ್ನು ಅದರ ಸೊಂಟಕ್ಕೆ ಎರಡು ಸುತ್ತು ಸುತ್ತಿದಳು. ಜನ ಹೌಹಾರಿದರು. ಕಲ್ಲಿಗೆ ಸುತ್ತಿದರೆ ಸೂರಯ್ಯನಿಗೆ ಇನ್ನು ಹಟ್ಟಿಯಲ್ಲಿ ಮುಖವೆಲ್ಲಿ ಎಂದು ಕಾಟಜ್ಜನೇ ಗದರಿದ. ಆಗ ಅವಳು ಗಂಡನ ರುಮಾಲನ್ನು, ಮದುವೆಯಲ್ಲಿ ಬಾಮೈದನಿಗೆ ಸುತ್ತುವಂತೆ, ಕಲ್ಲಿನ ತಲೆಗೆ ಸುತ್ತಿದಳು.

“ಇವತ್ತಿಂದ ಇವ್ನೂ ನಮ್ ತವರಿನೋನು. ನಂಗೆ ಅಣ್ಣ, ಸೂರಯ್ಯಂಗೂ ಅಣ್ಣ. ಅಣ್ಣ ಕೈಗೂಡಿಸಿದ್ರೆ ತಮ್ಮಂಗೇನಜ್ಜ ಅವಮಾನ?”

ಕಾಟಜ್ಜ ಕಲ್ಲನ್ನೊಮ್ಮೆ ನೋಡಿ, ತನ್ನ ಪಂಚೆಯ ಅಂಚು ಹರಿದು ಸೂರಯ್ಯನ ಅಂಗೈಗೆ ತಾನೇ ಸುತ್ತಿದನೆಂದು ಹೇಳುತ್ತಾರೆ. ತಿಪ್ಪಕ್ಕ ಸೀರೆ ಕಚ್ಚೆ ಹಾಕಿ ಇಳಿದಳು. ನಡುಬಂಡೆಯಲ್ಲಿ ಕುಡುಗೋಲು ಕಿತ್ತುಕೊಳ್ಳುವಾಗ ಕಾಲು ತಪ್ಪಿ ಅವಳು ಗಾಳಿಯಲ್ಲಿ ತೂಗಿದಳು. ಮೇಲೆ ಹಗ್ಗ ಕಲ್ಲನ್ನು ಕಚ್ಚಿ ಕಿರುಗುಟ್ಟಿತು, ಸೂರಯ್ಯನ ಪಟ್ಟಿ ಕೆಂಪಾಯಿತು, ಆದರೆ ಹಗ್ಗ ಒಂದು ಗೇಣೂ ಜಾರಲಿಲ್ಲ. ಕೆಳಗಿನಿಂದ ‘ತಮ್ಮಾ’ ಎಂಬ ಕೂಗು ಬಂತು. ಈ ಸಲ ಹಗ್ಗ ಕೈಯಲ್ಲಿ ಹಿಡಿದೇ ಸೂರಯ್ಯ ‘ಇದೀನಿ’ ಎಂದ. ಆ ದಿನವೇ ಕುಡುಗೋಲು ಬೋಸಯ್ಯನ ಪಕ್ಕ ಸೇರಿತು. ಅಲ್ಲಿಯವರೆಗೆ ಅಳದಿದ್ದ ತಿಪ್ಪಕ್ಕ ಆಗ ಎದೆಬಿರಿದು ಅತ್ತಳು.

ಆಮೇಲೆ ಬಂಡೆಯಲ್ಲಿ ಯಾರೂ ಸಾಯಲೇ ಇಲ್ಲವೆಂದು ಕತೆ ಮುಗಿಸುವವರಿದ್ದಾರೆ. ಅದು ಸುಳ್ಳು. ಸತ್ತರು; ಬಂಡೆ ಇಳಿಯುವ ಕಡೆ ಸಾವು ಇದ್ದೇ ಇರುತ್ತದೆ. ಆದರೆ ಅಂದಿನಿಂದ ಹಗ್ಗವನ್ನು ಕಲ್ಲಿಗೆ ಸುತ್ತದೆ ಯಾರೂ ಇಳಿಯಲಿಲ್ಲ, ಸಾವಾದಾಗ ಹಗ್ಗ ಹಿಡಿದವನನ್ನು ಒಂಟಿಯಾಗಿ ಕೂರಲು ಬಿಡಲಿಲ್ಲ. ಅವನ ಅಂಗೈಗೆ ಬೆಣ್ಣೆ ಹಚ್ಚಿ, ಕಲ್ಲಿಗೊಂದು ಹೊಸ ವಸ್ತ್ರ ಸುತ್ತಿ, ಸೂತಕ ಕಳೆದ ಮರುದಿನ ಮೊದಲ ಹಗ್ಗವನ್ನು ಅವನ ಕೈಗೇ ಕೊಡುತ್ತಿದ್ದರು. ಜೇನು ಕೊಯ್ಯುವ ಕಸುಬು ನಮ್ಮಪ್ಪನ ಕಾಲಕ್ಕೇ ನಿಂತಿತು, ಹೆಸರು ಉಳಿದಿದೆ.

ಈಗ ಆ ಬಂಡೆ ಏರಲು ಪೇಟೆಯವರು ಬರುತ್ತಾರೆ, ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಕಬ್ಬಿಣದ ಕೊಂಡಿ. ಹೋದ ಮಾಘದಲ್ಲಿ ಒಂದು ತಂಡ ಬಂದು ಹಗ್ಗ ಬಿಚ್ಚದೆ ಸುಮ್ಮನೆ ಕುಳಿತಿತ್ತು. ಅವರ ಗೆಳೆಯ ಪ್ರಣವ ಹಿಮದ ಬೆಟ್ಟದಲ್ಲಿ ಬಿದ್ದು ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಅವನ ಹಗ್ಗ ಹಿಡಿದಿದ್ದ ತನ್ವೀರ್ ಎಂಬವನು ಅಂದಿನಿಂದ ಬಂಡೆ ಮುಟ್ಟಿರಲಿಲ್ಲ. ಕಲ್ಲಿಗೆ ವಸ್ತ್ರಗಳೇಕೆ ಎಂದು ಅವರು ಕೇಳಿದ್ದಕ್ಕೆ ಇಷ್ಟನ್ನೂ ಹೇಳಿದೆ. ಕತೆ ಮುಗಿದಾಗ ತನ್ವೀರ್ ಕೇಳದೆಯೇ ನನ್ನ ಮುಂದೆ ಎರಡೂ ಅಂಗೈ ಅಗಲಿಸಿದ. ಅಡ್ಡಡ್ಡ ಸುಟ್ಟ ಗೆರೆಗಳು, ಇನ್ನೂ ಪೂರ್ತಿ ಮಾಗಿರಲಿಲ್ಲ. “ನೋಡ್ದೆ ಕಣಪ್ಪ” ಎಂದೆ.

ಇಂದು ನೆತ್ತಿಗೆ ಹೋದವರು ನೋಡಬಹುದು: ಹಳೆಯ ವಸ್ತ್ರಗಳ ಮೇಲೆ ಪ್ರಣವನ ನೀಲಿ ಕೊರಳವಸ್ತ್ರವಿದೆ. ಅಂದು ಅದನ್ನು ಕಟ್ಟಿದ ಗೆಳೆಯರು ತಂಡದ ಹಗ್ಗವನ್ನು ಕಲ್ಲಿನ ಸೊಂಟಕ್ಕೆ ಸುತ್ತಿ, ಅದರ ತುದಿಯನ್ನು ತನ್ವೀರನ ಕೈಯಲ್ಲಿಟ್ಟರು. ಅವರಲ್ಲೊಬ್ಬ ಹುಡುಗಿ ಅಂಚಿನಿಂದ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವಳು ಅವನ ಹೆಸರು ಹಿಡಿದು ಕೂಗಿದಳು. ಅವನು ಕಲ್ಲಿಗೆ ಬೆನ್ನು ಕೊಟ್ಟು, ಹಟ್ಟಿಗೆ ಕೇಳುವಷ್ಟು ಜೋರಾಗಿ, ‘ಇದೀನಿ’ ಎಂದ.