ಆಯುಧಪೂಜೆಯ ದಿನ ಬ್ಲೋವರ್‌ಗೆ ರಜೆ

ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೆಲ್ಪರ್ ಆಗಿ ಬಂದ ಮುನಿವೆಂಕಟ ಆಗಷ್ಟೇ ಆಪರೇಟರ್ ಆಗಿದ್ದ. ಆಯುಧಪೂಜೆಯ ಬೆಳಿಗ್ಗೆ ಸಂಘದ ಅಧ್ಯಕ್ಷ ವಿರೂಪಾಕ್ಷಯ್ಯ ಬಂದು, "ಇವತ್ತು ಯಂತ್ರ ಓಡಿಸಬಾರದು ಕಣೋ. ಬ್ಲೋವರ್ ನಿಲ್ಲಿಸು," ಎಂದರು.

"ಗಾಳಿ ಊದದಿದ್ದರೆ ಕೊಳಚೆ ಕೆಟ್ಟು ನಾರುತ್ತೆ ಸಾರ್. ಆಮೇಲೆ ನನ್ನ ಕೆಲಸ ಹೋಗುತ್ತೆ."

"ಕೆಲಸ ಈಗಲೇ ಹೋಗಬೇಕಾ? ಸಂಪ್ರದಾಯ ಅಂದ್ರೆ ಸಂಪ್ರದಾಯ!"

ಮುನಿವೆಂಕಟ ಹಣೆ ಚಚ್ಚಿಕೊಂಡು ಬ್ಲೋವರ್ ನಿಲ್ಲಿಸಿದ. ಮೇಲಿನ ಟ್ಯಾಂಕಿಗೆ ನೀರೇರಿಸುವ ಪಂಪನ್ನೂ ನಿಲ್ಲಿಸಿ, ಎರಡಕ್ಕೂ ಹೂವು ಮುಡಿಸಿದ.

ಹೋಳಿಗೆ ಊಟ ಮುಗಿಯುವಷ್ಟರಲ್ಲಿ ನಲ್ಲಿಗಳೆಲ್ಲ ಒಣಗಿದವು. ಅಧ್ಯಕ್ಷರು ಎಂಜಲು ಕೈಯಲ್ಲೇ ಓಡಿ ಬಂದರು. "ನಮ್ಮ ಬೀಗರು ಪಾಯಿಖಾನೆಯಲ್ಲಿ ಕೂತು ಕೂಗ್ತಿದ್ದಾರೆ! ಪಂಪ್ ಯಾಕೋ ನಿಲ್ಲಿಸಿದೆ?"

"ಅದೂ ಯಂತ್ರವೇ ಅಲ್ವಾ ಸಾರ್? ಒಂದಕ್ಕೆ ರಜೆ ಕೊಟ್ಟು ಇನ್ನೊಂದನ್ನು ದುಡಿಸಿದರೆ ದೇವಿ ಮೆಚ್ತಾಳಾ?"

ಅಧ್ಯಕ್ಷರು ಹಲ್ಲು ಕಡಿದರು. "ಎರಡನ್ನೂ ಓಡಿಸಯ್ಯಾ! ದೇವಿಗೆ ಏನು ಹೇಳಬೇಕೋ ನಾನು ಹೇಳ್ಕೋತೀನಿ."