ಜಾಡಿಗುಡ್ಡದ ಏಳು ಹೆಸರುಗಳು

ಜಪಾನಿನ ಪಶ್ಚಿಮ ಕರಾವಳಿಯ ಹಳೆಯ ನೇಯ್ಗೆಯ ಊರೊಂದರ ಪಕ್ಕದಲ್ಲಿ ಬೋಳು ಗುಡ್ಡವೊಂದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಜಾಡಿಗುಡ್ಡ. ಮೇಲೆ ಗುಡಿಯಿಲ್ಲ, ಗೋಪುರವಿಲ್ಲ. ಕುತ್ತಿಗೆಯವರೆಗೆ ಹೂತ ಏಳು ಮಣ್ಣಿನ ಜಾಡಿಗಳಿವೆ, ಅಷ್ಟೆ. ಇಷ್ಟಕ್ಕೆ ಇಷ್ಟೊಂದು ಮೆಟ್ಟಿಲು ಹತ್ತಬೇಕಿತ್ತೇ ಎಂದು ಏದುಸಿರು ಬಿಡುವವರನ್ನು ಊರಿನ ಹಿರಿಯರು ಕೂರಿಸಿಕೊಂಡು ತೊಕುಜಿರೊನ ಕತೆ ಹೇಳುತ್ತಾರೆ.

ಹಿಂದೆ ಒಮ್ಮೆ ಆ ಊರಿನ ಗಿರಣಿಗಳೆಲ್ಲ ಕುರಾಹಾಶಿ ತೊಕುಜಿರೊನವೇ ಆಗಿದ್ದವು. ಮಗ್ಗದ ಮುಂದೆ ಕೂಲಿಯಾಗಿ ನಿಂತು ಮೇಲೆ ಬಂದವನು. ಮಗ್ಗಗಳ ಸದ್ದಿಗೆ ಅವನ ಕಿವಿ ಪೂರಾ ಹೋಗಿತ್ತು. ಗದ್ದಲದಲ್ಲಿ ಮಾತು ಕೇಳಿಸದ ಗಿರಣಿಯವರೆಲ್ಲರಂತೆ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ. ಚಿತ್ರಗಾರರನ್ನೂ ನಟರನ್ನೂ ಕೈಬಿಚ್ಚಿ ಪೋಷಿಸಿದ ಆತನಿಗೆ ಉಳಿದದ್ದು ಒಂದೇ ಹಂಬಲ. ಬಾಲ್ಯದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದ ಮುಖವಾಡ ತೊಟ್ಟು ಕುಣಿಯುವ ಗೆನ್ಸೈ ಎಂಬ ನಟನ ಹೆಜ್ಜೆಯ ಮೊಳಗು ಸಾಯುವ ಮೊದಲು ಇನ್ನೊಮ್ಮೆ ತನ್ನನ್ನು ಮುಟ್ಟಬೇಕು. ಅದಕ್ಕೆಂದೇ ಗುಡ್ಡದ ಮೇಲೆ ರಂಗ ಕಟ್ಟಿಸಿದ. ಅಂಥ ರಂಗದ ಹಲಗೆಗಳ ಕೆಳಗೆ ಮಣ್ಣಿನ ಜಾಡಿಗಳನ್ನಿಡುವುದು ವಾಡಿಕೆ. ಕುಣಿಯುವವನ ಹೆಜ್ಜೆ ಮೊಳಗುವುದು ಅವುಗಳಿಂದಲೇ. ಕಬ್ಬಿಣವನ್ನೇ ನಂಬಿ ಬೆಳೆದ ತೊಕುಜಿರೊ ಅಲ್ಲಿ ಗಿರಣಿಯ ಕಬ್ಬಿಣದ ಪೀಪಾಯಿಗಳನ್ನು ಇಡಿಸಿದ. ಮುಪ್ಪಿನ ಗೆನ್ಸೈ ಬಂದು, ಒಂದೇ ಹೆಜ್ಜೆ ಊರಿ, ಮುಖವಾಡ ಕಳಚಿದ. "ಇದು ನಿಮ್ಮ ಮಗ್ಗದ ಸದ್ದು. ಇದರ ಮೇಲೆ ಕುಣಿಯಲಾರೆ. ನಾಳೆ ಮಧ್ಯಾಹ್ನದ ಹಡಗಿಗೆ ಹೊರಡುತ್ತೇನೆ" ಎಂದ.

ಒಂದು ದಿನದಲ್ಲಿ ಜಾಡಿ ಎಲ್ಲಿಂದ ಬರಬೇಕು? ತೊಕುಜಿರೊ ಸಂಕೋಚ ಬಿಟ್ಟು ನೇಕಾರ ಹೆಂಗಸರ ವಸತಿಗೆ ಹೋದ. ಅಲ್ಲಿ ಅವರ ಏಳು ಉಪ್ಪಿನಕಾಯಿ ಜಾಡಿಗಳು ಸಾಲಾಗಿದ್ದವು, ಒಂದೊಂದರ ಕುತ್ತಿಗೆಯಲ್ಲೂ ಒಡತಿಯ ಹೆಸರು ಕೆತ್ತಿತ್ತು. ಹಿರಿಯಳಾದ ಸುಮೆ ದನಿಯೆತ್ತದೆ ತುಟಿಯಾಡಿಸಿದಳು: "ಕೊಡ್ತೀವಿ ಧಣಿ. ಆದ್ರೆ ನಮ್ಮನ್ನೂ ನಿಮ್ಮ ಪಕ್ಕ ಕೂರಿಸ್ಕೋಬೇಕು. ನಮ್ಮ ಕಿವಿಯೂ ಹೋಗಿ ವರ್ಷಗಳಾದವು." ಕಿವುಡು ತನ್ನೊಬ್ಬನ ನೋವೆಂದು ಅದುವರೆಗೂ ನಂಬಿದ್ದ ತೊಕುಜಿರೊ ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟ ಎನ್ನುತ್ತಾರೆ.

ರಾತ್ರಿಯೇ ಪೀಪಾಯಿಗಳನ್ನು ತೆಗೆದು ರಂಗದ ಕೆಳಗೆ ಆ ಜಾಡಿಗಳನ್ನು ಹೂತರು. ಮರುದಿನ ಬೆಳಿಗ್ಗೆ ಮಗ್ಗಗಳನ್ನು ನಿಲ್ಲಿಸಿದರು. ಧಣಿಯೂ ಏಳು ಹೆಂಗಸರೂ ರಂಗದ ಅಂಚಿಗೆ ಅಂಗೈ ಊರಿ ಕೂತರು. ಗೆನ್ಸೈ ಹೆಜ್ಜೆ ಹಾಕಿದ. ಹಲಗೆ ನಡುಗಿತು, ಆ ನಡುಕ ತೋಳಿನಗುಂಟ ಎದೆಗೇರಿತು. ಸುಮೆ ಧಣಿಯತ್ತ ತಿರುಗಿ "ಬಂತಾ?" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅಂದಿನಿಂದ ಕಿವಿಗೆ ಹತ್ತಿಯಿಡದೆ ಯಾರೂ ಮಗ್ಗದ ಮುಂದೆ ನಿಲ್ಲಕೂಡದೆಂದು ಕಟ್ಟಪ್ಪಣೆಯಾಯಿತು. ಊರವರು ಗುಡ್ಡಕ್ಕೆ ತೊಕುಜಿರೊನ ಹೆಸರಿಡಲು ಹೊರಟಾಗ ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ರಂಗ ಬೆಂಕಿಗೆ ಆಹುತಿಯಾಗಿ ಎಷ್ಟೋ ಕಾಲವಾಗಿದೆ. ಈಗಲೂ ಅಲ್ಲಿ ಒಬ್ಬರು ನೆಲ ತುಳಿದರೆ, ಜೊತೆಗೆ ಬಂದವರು ಜಾಡಿಯ ಬಾಯಂಚಿಗೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಾರೆ. ಕೈ ತೆಗೆದಾಗ ಒಂದರ ಕುತ್ತಿಗೆಯಲ್ಲಿ ಸುಮೆಯ ಹೆಸರು ಕಾಣುತ್ತದೆ, ಉಳಿದವುಗಳಲ್ಲಿ ಇನ್ನಾರು ಹೆಂಗಸರ ಹೆಸರುಗಳೂ ಕಾಣುತ್ತವೆ. ಧಣಿಯ ಹೆಸರು ಗುಡ್ಡದ ಮೇಲೆ ಎಲ್ಲೂ ಇಲ್ಲ.