ರೋಲರಿನಲ್ಲಿ ಬಳಿದ ಕಾರು

"ಗುರುಗಳೇ, ನಾಚಿಕೆಯನ್ನು ಗೆಲ್ಲುವುದು ಹೇಗೆ?" ಎಂದು ಪಾಲಾಕ್ಷನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಗುಮಾಸ್ತನಿದ್ದ. ಸಹಕಾರ ಸಂಘವೊಂದರಲ್ಲಿ ಅವನ ಕೆಲಸ. ಅವನ ಹೆಂಡತಿಯ ಅಣ್ಣ ಹೊಸ ಕಾರು ಕೊಂಡಾಗ ಹಳೆಯದನ್ನು ತಂಗಿಗೆ ಕೊಟ್ಟ. ಎಂಜಿನ್ ಗಟ್ಟಿಯಾಗಿತ್ತು. ಮೈ ಮಾತ್ರ ನೋಡುವ ಹಾಗಿರಲಿಲ್ಲ. ಮೇಲಿನ ಬಣ್ಣ ಹೊಪ್ಪಳಿಸಿ ಎದ್ದಿತ್ತು. ಬಾಗಿಲುಗಳ ಅಂಚಿಗೆ ತುಕ್ಕು ಹತ್ತಿತ್ತು.

ಅಷ್ಟರಲ್ಲಿ ಸಂಘದ ಅಧ್ಯಕ್ಷರ ಮಗಳ ಮದುವೆ ಬಂತು. ಊರಿನ ದೊಡ್ಡವರೆಲ್ಲ ಬರುವ ಮದುವೆ. ತಾನೂ ಕಾರಿನಲ್ಲಿ ಹೋಗಿ ಇಳಿಯಬೇಕೆಂದು ಗುಮಾಸ್ತನಿಗೆ ಆಸೆ. ಬಣ್ಣ ಹೊಡೆಸಲು ಗ್ಯಾರೇಜಿನಲ್ಲಿ ಕೇಳಿದ. ಅವರು ಹೇಳಿದ್ದು ಅವನ ಕೈಗೆ ಎಟುಕುವ ಮಾತಾಗಿರಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದ.

"ಅದಕ್ಕೆ ಯಾಕೆ ಮುಖ ಇಳಿಬಿಡುತ್ತೀರಿ? ಗೇಟಿಗೆ, ಕಿಟಕಿಗೆ ಬಣ್ಣ ಹೊಡೆದವರು ನಾವೇ ತಾನೆ? ಇದಕ್ಕೂ ನಾವೇ ಬಳಿಯೋಣ" ಎಂದಳು ಹೆಂಡತಿ.

ಅಂಗಡಿಗೆ ಹೋಗಿ ನೀಲಿ ಬಣ್ಣ ಆರಿಸಿದವಳು ಅವಳೇ. ಗೋಡೆಗೆ ಬಳಿಯುವ ಸಣ್ಣ ರೋಲರುಗಳನ್ನೂ ಉಪ್ಪುಕಾಗದವನ್ನೂ ತಂದರು. ಅವನು ತುಕ್ಕು ಕೆರೆದ. ಅವಳು ಗಾಜುಗಳಿಗೆ ಹಳೆಯ ಪೇಪರು ಅಂಟಿಸಿದಳು. ಬಣ್ಣವನ್ನು ತೆಳ್ಳಗೆ ಕಲಸಿ ಆಚೆಯಿಂದ ಅವನು, ಈಚೆಯಿಂದ ಅವಳು ರೋಲರು ಉರುಳಿಸಿದರು. ಒಣಗಿದ ಮೇಲೆ ಉಜ್ಜುವುದು, ಒರೆಸುವುದು, ಮತ್ತೆ ಬಳಿಯುವುದು. ಮೇಲ್ಭಾಗ ಎಟುಕಲಿಲ್ಲವೆಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿ ನಿಂತಳು. ಹಸಿ ಬಣ್ಣಕ್ಕೆ ನೊಣ ಬಂದು ಕೂತರೆ ಇಬ್ಬರೂ ನಕ್ಕರು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವರು ಹಾಗೆ ಒಟ್ಟಿಗೆ ಕೂತು ಮಾತಾಡಿದ್ದು, ನಕ್ಕದ್ದು ಇಲ್ಲವೇ ಇಲ್ಲ ಎನ್ನಬೇಕು.

ಕೆಲಸ ಮುಗಿಯಿತು. ದೂರದಿಂದ ನೋಡಿದರೆ ಕಾರು ಹೊಸದರಂತಿತ್ತು. ಹತ್ತಿರ ಹೋದರೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಕಾಣುತ್ತಿತ್ತು. ಒಂದೆರಡು ಕಡೆ ಬಣ್ಣ ಇಳಿದು ಗೆರೆಯಾಗಿತ್ತು. ಅವಳು ಕಾರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿದಳು. ಪಕ್ಕದ ಮನೆಯವರನ್ನು ಕರೆದು, "ನಾವೇ ಬಳಿದದ್ದು" ಎಂದು ತೋರಿಸಿದಳು. ಗುಮಾಸ್ತನಿಗೂ ಆ ದಿನ ಹೆಮ್ಮೆಯೇ ಆಯಿತು.

ಮದುವೆಯ ದಿನ ಬೇಗನೆ ಹೋಗಿ ಛತ್ರದ ಬಾಗಿಲ ಬಳಿ ಕಾರು ನಿಲ್ಲಿಸಿದರು. ಹೆಂಡತಿ ಹೆಂಗಸರ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ದೊಡ್ಡ ದೊಡ್ಡ ಕಾರುಗಳು ಬಂದು ಅದರ ಸುತ್ತ ನಿಂತವು. ಅವುಗಳ ನಡುವೆ ತನ್ನ ಕಾರನ್ನು ನೋಡಿ ಗುಮಾಸ್ತನಿಗೆ ಮೊದಲ ಸಲ ಮುಜುಗರವಾಯಿತು. ಬೇರೆ ಕಡೆ ನಿಲ್ಲಿಸೋಣವೆಂದು ಹೊರಗೆ ಬಂದ.

ಅಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ನಾಲ್ಕು ಜನರ ನಡುವೆ ನಿಂತು ಅದೇ ಕಾರಿನ ಮೇಲೆ ಬೆರಳಾಡಿಸುತ್ತಿದ್ದ.

"ಯಾವ ಪುಣ್ಯಾತ್ಮನಪ್ಪಾ ಇವನು, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದಾನೆ!" ಎಂದ ವ್ಯಾಪಾರಿ. ಎಲ್ಲರೂ ನಕ್ಕರು. ವ್ಯಾಪಾರಿ ತಿರುಗಿ ಗುಮಾಸ್ತನನ್ನು ಕಂಡ. "ನಿಮ್ಮದೇನ್ರೀ ಇದು?"

"ಅಯ್ಯೋ, ನಮ್ಮದಲ್ಲ. ನಾವು ಬಸ್ಸಿನಲ್ಲಿ ಬಂದೆವು" ಎಂದ ಗುಮಾಸ್ತ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಗುವವರ ಜೊತೆ ಸೇರುವ ಚಪಲ. "ಬಳಿದವರಿಗೆ ಕಣ್ಣಿರಲಿಲ್ಲವೇನೋ" ಎಂದೂ ಸೇರಿಸಿದ. ಅವರು ಇನ್ನೂ ಜೋರಾಗಿ ನಕ್ಕರು. ಅವನೂ ನಕ್ಕ.

ನಗುತ್ತ ತಿರುಗಿದರೆ ಹೆಂಡತಿ ಹಿಂದೆಯೇ ನಿಂತಿದ್ದಳು. ಕಾರಿನಲ್ಲಿ ಬಿಟ್ಟಿದ್ದ ಉಡುಗೊರೆ ತೆಗೆದುಕೊಳ್ಳಲು ಬಂದಿದ್ದಳು. ಎಷ್ಟು ತೊಳೆದರೂ ಹೋಗದ ನೀಲಿ ಅವಳ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಅವಳು ಮೆಲ್ಲಗೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಉಡುಗೊರೆ ತೆಗೆದುಕೊಳ್ಳಲಿಲ್ಲ. ಒಳಗೆ ಹೋದಳು.

ಊಟವಾದ ಮೇಲೆ ಗುಮಾಸ್ತ ಹೆಂಡತಿಯನ್ನು ಹುಡುಕಿಕೊಂಡು ಹೋದ. ಅಕ್ಕಪಕ್ಕ ಜನರಿದ್ದರು. ತಗ್ಗಿದ ದನಿಯಲ್ಲಿ, "ಸ್ವಲ್ಪ ತಾಳು. ಎಲ್ಲರೂ ಹೋಗಲಿ, ಆಮೇಲೆ ಕಾರು ತೆಗೆಯುತ್ತೇನೆ" ಎಂದ.

"ಯಾವ ಕಾರು? ನಾವು ಬಸ್ಸಿನಲ್ಲಿ ಬಂದವರಲ್ಲವೇ?" ಎಂದಳು ಅವಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ ನಿಲ್ದಾಣದ ಕಡೆ ನಡೆದಳು.

ಆಗಲೂ ಅವನು ಎಲ್ಲರೆದುರು ಅವಳ ಹಿಂದೆ ಓಡಲಿಲ್ಲ. ಛತ್ರದ ಮುಂಭಾಗ ಖಾಲಿಯಾಗುವವರೆಗೆ ಕಾದ. ಆಮೇಲೆ ಕಾರು ತೆಗೆದು ನಿಲ್ದಾಣಕ್ಕೆ ಬಂದರೆ ಅವಳು ಬಿಸಿಲಲ್ಲಿ ನಿಂತಿದ್ದಳು. ಅವನು ಬಾಗಿಲು ತೆರೆದ. ಅವಳು ಯಾರದೋ ಕಾರನ್ನು ನೋಡುವ ಹಾಗೆ ನೋಡಿದಳು. ಬಸ್ಸು ಬಂತು, ಹತ್ತಿದಳು. ಮನೆ ಬರುವವರೆಗೂ ಅವನು ಆ ಬಸ್ಸಿನ ಹಿಂದೆಯೇ ಕಾರು ಓಡಿಸಿದ. ಪಕ್ಕದ ಸೀಟು ಖಾಲಿಯಾಗಿತ್ತು.

ಮನೆಯಲ್ಲಿ ಅವನು, "ತಪ್ಪಾಯಿತು" ಎಂದ.

ಅವಳು ಸೀರೆ ಮಡಚುತ್ತಿದ್ದಳು. "ಬಣ್ಣ ತರಿತರಿಯಾಗಿದೆ ಎಂದು ನನಗೂ ಗೊತ್ತಿತ್ತು ರೀ. ಅದರಿಂದ ನನಗೇನೂ ಅನ್ನಿಸಿರಲಿಲ್ಲ" ಎಂದಳು.

ಮಾರನೆಯ ದಿನ ಗುಮಾಸ್ತ ಕೆಲಸಕ್ಕೆ ಹೋಗುವ ಮೊದಲು ಆ ವ್ಯಾಪಾರಿಯ ಬಟ್ಟೆ ಅಂಗಡಿಗೆ ಹೋದ. ಅಂಗಡಿಯ ಎದುರಿಗೇ ಕಾರು ನಿಲ್ಲಿಸಿದ. ಒಳಗೆ ಗಿರಾಕಿಗಳಿದ್ದರು. ಆದರೂ ಎಲ್ಲರಿಗೂ ಕೇಳುವಂತೆ, "ನಿನ್ನೆ ನಾನು ಸುಳ್ಳು ಹೇಳಿದೆ. ಆ ನೀಲಿ ಕಾರು ನಮ್ಮದೇ. ನಾನೂ ನನ್ನ ಹೆಂಡತಿಯೂ ಸೇರಿ ರೋಲರಿನಲ್ಲಿ ಬಳಿದದ್ದು" ಎಂದ.

ವ್ಯಾಪಾರಿ ಮೀಟರು ಕೋಲು ಕೆಳಗಿಟ್ಟು ಅವನನ್ನು ನೋಡಿದ. "ಯಾವ ಕಾರು ಸ್ವಾಮಿ?" ಎಂದ.

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಮದುವೆಯ ಊಟಕ್ಕೆ ಕೂರುವ ಹೊತ್ತಿಗೇ ಮರೆತಿದ್ದ. ನಕ್ಕವರಲ್ಲಿ ಯಾರಿಗೂ ನೆನಪಿರಲಿಲ್ಲ. ಯಾರ ನಗುವಿಗೆ ಅಂಜಿ ಗುಮಾಸ್ತ ಆ ಮಾತು ಆಡಿದ್ದನೋ ಅವರು ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅದನ್ನು ಮನೆಗೆ ಹೊತ್ತುಕೊಂಡು ಬಂದವಳು ಅವಳೊಬ್ಬಳೇ. ಗುಮಾಸ್ತ ಅಂಗಡಿಯ ಮೆಟ್ಟಿಲಿಳಿದು ಬಂದ. ನಿನ್ನೆ ಜನರ ನಡುವೆ ಆದದ್ದು ನಾಚಿಕೆಯೇ ಅಲ್ಲವೆಂದು ಅವನಿಗೆ ಆಗ ಅನ್ನಿಸಿತು. ನಾಚಿಕೆ ಈಗ ಶುರುವಾಗಿತ್ತು.

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು.

"ಆಕೆ ಮತ್ತೆ ಆ ಕಾರು ಹತ್ತಿದಳೇ, ಗುರುಗಳೇ?" ಎಂದು ಪಾಲಾಕ್ಷ ಕೇಳಿದ.

"ಹತ್ತಿದಳು. ಆದರೆ ಅವನು ಬಹಳ ಕಾಲ ಕಾಯಬೇಕಾಯಿತು" ಎಂದರು ಗುರುಗಳು. ಆಮೇಲೆ ಶಿಷ್ಯನ ಮುಖವನ್ನೇ ನೋಡುತ್ತ ಕೇಳಿದರು:

"ಬೆಳಿಗ್ಗೆ ಮಠದ ಬಾಗಿಲಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದ ಹೆಂಗಸು ಯಾರೆಂದು ಜೊತೆಯವರು ಕೇಳಿದಾಗ, ಅವರು ನಿನ್ನ ತಾಯಿ ಎಂದು ಯಾಕೆ ಹೇಳಲಿಲ್ಲ?"